ಶಮಾಳ ಪಾಲಿನ ಪದಗಳು

ಗುಡಗೇರಿಯ ತವರುಮನೆಯ ಪಡಸಾಲೆಯಲ್ಲಿ ಶಮಾ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತ ಕುಳಿತಿದ್ದಳು. ವರ್ಷಕ್ಕೊಮ್ಮೆ ಗಂಡನ ಊರು ಮಿಶ್ರಿಕೋಟಿಯಿಂದ ಬಂದು ತಾಯಿ ಮೆಹರುನಬಿಗೆ ಕಾಯಿ ಹೆಚ್ಚಿಕೊಟ್ಟು ಹೋಗುವುದು ಅವಳ ರೂಢಿ. ಈ ಸಲ ಇನ್ನೊಂದು ನೆಪವೂ ಇತ್ತು. ಮಗಳು ಅತಿಯಾ ಅಜ್ಜಿಯ ಮನೆಯಲ್ಲಿದ್ದುಕೊಂಡು ಇದೇ ಊರಿನ ಕಾಲೇಜಿನಲ್ಲಿ ಪಿಯುಸಿ ಸೈನ್ಸ್ ಸೇರಿದ್ದಳು. ಅಲ್ಲಿ ಬಯಾಲಜಿ ಕಲಿಸುವವಳು ಗೌತಮಿ, ಶಮಾಳ ಒಂದು ಕಾಲದ ಜೀವದ ಗೆಳತಿ. ಹದಿನೆಂಟು ವರ್ಷಗಳಿಂದ ಇಬ್ಬರಿಗೂ ಮಾತಿಲ್ಲ.

ಆ ಮನೆಯಲ್ಲಿ ಜಗಳಕ್ಕೆ ಉರ್ದು, ಪಾಠದ ಮಾತಿಗೆ ಕನ್ನಡ. “ನಮ್ಮ ಮಿಸ್ ಅಗದಿ ಬ್ಯಾರೇನ ಅದಾರ ಅಮ್ಮೀ,” ಎಂದಳು ಅತಿಯಾ. “ಎಲಿ ಚಿತ್ರ ತಗದು ಮ್ಯಾಲಿನ ಪದರದ ಹೆಸರು ಬರೀತಾರ, ಕೆಳಗಿಂದೂ ಬರೀತಾರ. ನಡುವಿಂದು ಮಾತ್ರ ಖಾಲಿ ಬಿಟ್ಟು, ನೀವ ತುಂಬ್ರಿ ಅಂತಾರ. ಹಣ್ಣಿಂದೂ ಹಂಗ, ಭ್ರೂಣದ್ದೂ ಹಂಗ. ಪ್ರತಿ ವರ್ಷ ಇದ ಕತಿ ಅಂತ.”

ಶಮಾಳ ಕೈ ನಿಂತಿತು.

ಇಬ್ಬರೂ ಪ್ಯಾಸೆಂಜರ್ ಗಾಡಿಯಲ್ಲಿ ಹುಬ್ಬಳ್ಳಿಗೆ ಪಿಯುಸಿ ಓದಲು ಹೋಗುತ್ತಿದ್ದ ಕಾಲವದು. ಕನ್ನಡ ಶಾಲೆಯಲ್ಲಿ ಕಲಿತವರಿಗೆ ಆ ಇಂಗ್ಲಿಷ್ ಪದಗಳೆಂದರೆ ಕಬ್ಬಿಣದ ಕಡಲೆ. ಅದಕ್ಕೆಂದೇ ಪಾಲು ಮಾಡಿಕೊಂಡಿದ್ದರು: ಮೇಲಿನ, ಕೆಳಗಿನ ಪದರಗಳು ಗೌತಮಿಗೆ, ‘ಮೀಸೋ’ ಎಂದು ಶುರುವಾಗುವ ನಡುವಿನವೆಲ್ಲ ಶಮಾಳಿಗೆ. ಒಬ್ಬಳ ಪಾಲಿನದನ್ನು ಇನ್ನೊಬ್ಬಳು, ಗೊತ್ತಿದ್ದರೂ, ಬಾಯಿಬಿಟ್ಟು ಹೇಳಕೂಡದು. “ಮೂರು ಹೆಣ್ಣಮಕ್ಕಳೊಳಗ ನಡುವಿನಾಕಿ ನಾನು. ನಡುವಿನವು ನನಗ ಇರ್ಲಿ,” ಎಂದು ಹಟ ಹಿಡಿದವಳೂ ಶಮಾಳೇ. ಎಲೆಯ ಅನ್ನ ಬೇಯಿಸುವುದು ಮೀಸೋಫಿಲ್, ಮಾವಿನಹಣ್ಣಿನಲ್ಲಿ ನಾವು ತಿನ್ನುವುದು ಮೀಸೋಕಾರ್ಪ್, ಹುಟ್ಟುವ ಕೂಸಿನ ಹೃದಯ ಬೆಳೆಯುವುದು ಮೀಸೋಡರ್ಮಿನಿಂದ. ದುಡಿಯುವವರೆಲ್ಲ ನಡುವಿನವರೇ ನೋಡು ಎಂದು ಜಂಬ ಕೊಚ್ಚುತ್ತಿದ್ದಳು.

ಆ ಜಂಬ ಯಾರ ಕಣ್ಣಿಗೆ ಬಿತ್ತೋ ಏನೋ. ಪರೀಕ್ಷೆಗೆ ಹತ್ತು ದಿನವಿದ್ದಾಗ ಅಕ್ಕ ನಸ್ರೀನಳನ್ನು ನೋಡಲು ಬಂದವರು, “ಹುಡುಗನ ತಮ್ಮನೂ ಅದಾನ, ಇಬ್ಬರನ್ನೂ ಕೊಟ್ಟುಬಿಡ್ರಿ,” ಎಂದರು. ಪರೀಕ್ಷೆಗೆ ಮೊದಲೇ ಒಂದೇ ಚಪ್ಪರದಡಿ ಎರಡು ನಿಕಾಹ್ ಮುಗಿದವು; ಶಮಾಳ ಓದು ಅಲ್ಲಿಗೇ ನಿಂತಿತು. ಗಂಡ ನದೀಮ್ ಒಳ್ಳೆಯವನು, ದೂರುವ ಹಾಗಿಲ್ಲ. ಆದರೆ ಶಮಾ ಗೆಳತಿಗೆ ಒಂದು ಮಾತು ಹೇಳದೆ ಹೋದಳು. ಯಾವ ಮುಖ ಇಟ್ಟುಕೊಂಡು ಹೇಳುವುದು? ನಾಚಿಕೆಗೆ ಮುಚ್ಚಿದ ಬಾಯಿ ಮತ್ತೆ ತೆರೆಯಲೇ ಇಲ್ಲ. ತವರಿಗೆ ಬಂದಾಗಲೆಲ್ಲ ಗಾಡಿಯ ಸೀಟಿ ಕೇಳಿದರೆ ಅವಳಿಗೆ ಗೌತಮಿ ಬೇಕೆನಿಸುತ್ತಿತ್ತು, ಹಸಿದವರಿಗೆ ಅನ್ನ ಬೇಕೆನಿಸುವ ಹಾಗೆ. ಅವಳು ಮರೆತಿದ್ದಾಳೋ, ಸಿಟ್ಟಾಗಿದ್ದಾಳೋ? ಎರಡು ಓಣಿ ದಾಟಿ ಹೋಗಿ ಕೇಳಲು ಧೈರ್ಯವಿರಲಿಲ್ಲ.

ಈಗ ಕೈ ಒರೆಸಿಕೊಂಡು ಮಗಳ ನೋಟ್‌ಬುಕ್ ಎಳೆದುಕೊಂಡಳು. ಮೂರೂ ಚಿತ್ರಗಳ ನಡುವೆ ಇಂಗ್ಲಿಷಿನಲ್ಲಿ ಹೆಸರು ಬರೆದಳು. ಒಂದಕ್ಷರ ತಪ್ಪಲಿಲ್ಲ. ಅತಿಯಾ ಬಾಯಿ ಬಿಟ್ಟುಕೊಂಡು ನೋಡಿದಳು.

“ನಾಳೆ ಮಿಸ್‌ಗೆ ತೋರಸು. ಯಾರು ಬರದಾರ ಅಂತ ಹೇಳಬ್ಯಾಡ.”

ಮರುದಿನ ಸಂಜೆ ಶಮಾ ಮಾವಿನ ಹೋಳುಗಳಿಗೆ ಖಾರ ಕಲಸುತ್ತಿದ್ದಾಗ ಬಾಗಿಲಲ್ಲಿ ದನಿ ಕೇಳಿತು. “ಚಾಚೀ, ಈ ಅಕ್ಷರಾ ಶಮಾಂದ ಅದಾವ. ಎಲ್ಲಿ ಕುಂತಾಳ ಆಕಿ?”

ಗೌತಮಿ! ಕಿವಿಯ ಬಳಿ ನಾಲ್ಕು ಬಿಳಿಗೂದಲು, ಕೈಯಲ್ಲಿ ಅತಿಯಾಳ ನೋಟ್‌ಬುಕ್. ಮೆಹರುನಬಿ ಚಾಪೆ ಹಾಸುವ ಮೊದಲೇ ಬಂದು ಶಮಾಳ ಎದುರಿಗೆ ನೆಲಕ್ಕೆ ಕುಳಿತಳು.

“ಸಿಟ್ಟ ಅದೇನ ನನ್ನ ಮ್ಯಾಲ?” ಶಮಾ ತಲೆ ಎತ್ತದೆ ಕೇಳಿದಳು.

“ಆ ವರ್ಷ ಪರೀಕ್ಷಾದಾಗ ಎಲಿ ಚಿತ್ರನ ಬಂದಿತ್ತು ಬೇ. ಮ್ಯಾಲಿಂದು ಬರದೆ, ಕೆಳಗಿಂದು ಬರದೆ. ನಡುವಿಂದು ಬಿಟ್ಟೆ.”

“ಗೊತ್ತಿರಲಿಲ್ಲೇನು?”

“ಗೊತ್ತಿತ್ತು. ಆದ್ರ ಅದು ನಿನ್ನ ಪಾಲಿಂದು. ನಾ ಬರದ್ರ ನೀ ಪರೀಕ್ಷಾಕ್ಕ ಬರೂದಿಲ್ಲ ಅನ್ನೂದು ಖರೇ ಆಗ್ತದ ಅನಿಸ್ತು. ಗಂಟಿ ಹೊಡಿಯೂತನಾ ಬಾಗಲಾ ನೋಡಕೋತ ಕುಂತಿದ್ದೆ.”

ಶಮಾಳಿಗೆ ಅಳು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಳ್ಳಲು ಖಾರದ ಕೈಯನ್ನೇ ಎತ್ತಿದಳು. ಗೌತಮಿ ಆ ಕೈ ಹಿಡಿದು ನಿಲ್ಲಿಸಿ, ತನ್ನ ಸೆರಗಿನಿಂದ ಅವಳ ಕಣ್ಣು ಒರೆಸಿದಳು.