ಏಳು ಎಣಿಕೆಯ ಮೌನ

ಮುಂದಿನ ಸಾಲಿನವರ ಕೋಟಿನ ಭುಜದಲ್ಲಿ ಹೊಲಿಗೆ ಬಿಟ್ಟಿದೆ, ಒಂದು ದಾರ ಫ್ಯಾನಿನ ಗಾಳಿಗೆ ಆಡುತ್ತಿದೆ, ಎಳೆದು ಕಿತ್ತುಹಾಕಲೇ ಅನ್ನಿಸುತ್ತದೆ, ಈ ಕೈಗೆ ಇವತ್ತು ಏನನ್ನಾದರೂ ಕೀಳಬೇಕು — ವೇದಿಕೆಯ ಮೇಲೆ ನನ್ನ ಕೃತಿ ನಡೆಯುತ್ತಿದೆ, ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೊ, ಮೊದಲ ಪಿಟೀಲು ನನ್ನ ಅಣ್ಣ, ಮೂರು ವರ್ಷ ಕೂತು ಬರೆದವಳು ನಾನು, ಈಗ ಅದರ ಮೇಲೆ ನನಗಿರುವ ಅಧಿಕಾರ ಈ ಕೋಟಿನವರಿಗಿರುವಷ್ಟೇ, ಅಡುಗೆ ಮಾಡಿದವಳು ಹೊರಗೆ, ಬಡಿಸುವವನದೇ ದರ್ಬಾರು — ಬೆಳಿಗ್ಗೆ ಅಭ್ಯಾಸದಲ್ಲಿ ಅಣ್ಣ ಎಷ್ಟು ಹೆಮ್ಮೆಯಿಂದ ತೋರಿಸಿದ, ನಾಲ್ವರ ಹಾಳೆಗಳನ್ನೂ ಪಕ್ಕಪಕ್ಕ ಅಂಟಿಸಿದ್ದೀನಿ ಕಣೇ, ಪುಟ ತಿರುಗಿಸೋ ಕಷ್ಟವೇ ಇಲ್ಲ, ಅದಕ್ಕೇ ಅಂತ ನೀನು ಬಿಟ್ಟಿದ್ದ ಖಾಲಿ ಜಾಗ ಹೊಡೆದುಹಾಕಿದೆ — ಪೆನ್ಸಿಲಿನ ಒಂದು ಅಡ್ಡಗೀಟು, ಏಳು ಎಣಿಕೆಯ ಮೌನವಿದ್ದಲ್ಲಿ — ಪುಟ ತಿರುಗಿಸಲೆಂದು ಬಿಡುವು ಬರೆಯುವುದುಂಟು, ಇಲ್ಲವೆನ್ನುವುದಿಲ್ಲ, ಮೂವತ್ತು ವರ್ಷ ಹಾಳೆ ತಿರುಗಿಸಿದವನಿಗೆ ಖಾಲಿ ಕಂಡಲ್ಲೆಲ್ಲ ಹಾಳೆಯೇ, ಚೆಲ್ಲೊದ ದಪ್ಪಣ್ಣ ಬೇರೆ, ಒಳ್ಳೇದಾಯ್ತು ಬಿಡಿ ಅಕ್ಕ, ಅಷ್ಟು ಹೊತ್ತು ಸುಮ್ಮನಿದ್ರೆ ಜನಕ್ಕೆ ನನ್ನ ಹೊಟ್ಟೆ ಸದ್ದೇ ಕೇಳೋದು, ಎಲ್ಲರೂ ನಕ್ಕರು, ನಾನು ನಗಲಿಲ್ಲ, ಅದು ಪುಟಕ್ಕಲ್ಲ ಅಣ್ಣ, ಅಮ್ಮನ ಕೊನೇ ಉಸಿರಿಗೂ ಅದರ ಹಿಂದಿನ ಉಸಿರಿಗೂ ನಡುವೆ ಇದ್ದದ್ದು ಅಷ್ಟು, ನಾನು ಎಣಿಸಿದ್ದೀನಿ, ನೀನಿರಲಿಲ್ಲ — ಎಲ್ಲರೆದುರು ಅಂದುಬಿಟ್ಟೆ, ಅನ್ನಬಾರದಿತ್ತೇ, ಅನ್ನಬೇಕಿತ್ತು, ಆಗ ಬೇರೆ ಊರಿನಲ್ಲಿ ಯಾರದೋ ಸಭೆಗೆ ನುಡಿಸುತ್ತಿದ್ದ, ಅಮ್ಮನೇ ಹೋಗು ಅಂದಿದ್ದಳು, ಹೌದು, ಅಮ್ಮಂದಿರು ಅನ್ನುತ್ತಾರೆ, ಕೇಳಿಬಿಡುವುದೇ — ಅವನು ಬಿರಡೆ ತಿರುವುತ್ತ ಶ್ರುತಿ ನೋಡುವವನ ಹಾಗೆ ಕೂತ, ಗೀಟು ಅಳಿಸಲೂ ಇಲ್ಲ — ಆಸ್ಪತ್ರೆಯ ಹಸಿರು ಪರದೆ, ಅಮ್ಮನ ತುಟಿಯಂಚಿನಲ್ಲಿ ಒಣಗಿದ ನೀರು, ಒಂದು ಉಸಿರು, ಆಮೇಲೆ ಒಂದು, ಎರಡು, ಮೂರು, ದೇವರೇ ಇನ್ನೊಂದು ಸಲ, ನಾಲ್ಕು, ಐದು, ಆರು, ಏಳು, ಕೊಟ್ಟ, ಒಂದೇ ಒಂದು ಕೊಟ್ಟ, ಮಹಾ ಧಾರಾಳಿ — ದೇವರ ಮೇಲಿನ ಸಿಟ್ಟು ಕೈಮುಗಿದರೆ ಇಳಿಯುತ್ತದೆ, ಒಡಹುಟ್ಟಿದವನ ಮೇಲಿನದು ಯಾವ ಕಾಲಕ್ಕೂ ಇಳಿಯದು — ಬಂತು, ಆ ಜಾಗ ಬಂತು, ವಯೋಲಾ ತಗ್ಗಿತು, ಚೆಲ್ಲೊ ನಿಂತಿತು, ಮುಂದಿನ ಸ್ವರ ಅಣ್ಣನದು, ಅವನು ಎಳೆದರೆ ಉಳಿದವರು ಎಳೆಯುತ್ತಾರೆ, ಎಳೆದುಬಿಡು, ನಿನ್ನ ಗೀಟಿನ ಪ್ರಕಾರವೇ ಎಳೆದುಬಿಡು, ಜನ್ಮವಿಡೀ ನಿನ್ನ ಮುಖ ನೋಡದೆ ಇರುವುದು ನನಗೆ ಸುಲಭವಾಗಲಿ — ಕಮಾನು ಎತ್ತಿದ, ಇಳಿಸಲಿಲ್ಲ, ತಂತಿಯಿಂದ ಒಂದಂಗುಲ ಮೇಲೆ ಕಮಾನು, ಮೂರು, ನಾಲ್ಕು, ಯಾರೋ ಕೆಮ್ಮಿದರು, ಆರು, ಏಳು, ಸಾಕು, ಇಳಿಸು, ಎಂಟು, ಏಳೇ ಅಂತ ಬರೆದಿದ್ದೇನೆ, ಅದನ್ನೂ ನನ್ನಿಂದ ಕಿತ್ತುಕೊಳ್ಳುತ್ತೀಯ, ಹತ್ತು, ದಪ್ಪಣ್ಣ ಅವನ ಮುಖವನ್ನೇ ನೋಡುತ್ತಿದ್ದಾನೆ, ಇಳಿಸು ಅಣ್ಣ, ಇಳಿಸಿದರೆ ಆಮೇಲೆ ಉಳಿದಿರುವುದು ಅಮ್ಮನ ಒಂದೇ ಉಸಿರು, ಅದು ಅವನಿಗೂ ಗೊತ್ತು, ಬೆಳಿಗ್ಗೆ ನಾನೇ ಹೇಳಿದೆ, ಹದಿಮೂರು, ಕಮಾನು ಇಳಿಯುತ್ತಿಲ್ಲ, ತಂತಿಯಿಂದ ಒಂದಂಗುಲ, ಒಂದೇ ಅಂಗುಲ, ಕಮಾನು