ಮಾಡಿನ ಮೇಲೆ ಕೂತ ಹಿಮ

ಯಂಜ್ಮಾ ಅಜ್ಜಿಗೆ ತನ್ನ ಒಲೆಯ ಮೇಲೆ ಎಲ್ಲಿಲ್ಲದ ಅಭಿಮಾನ. ಉಲಾನ್‌ಬಾತರ್ ಊರಂಚಿನ ದಿಬ್ಬದಲ್ಲಿ, ಹಲಗೆ ಬೇಲಿಯ ಒಳಗೆ ಆಕೆಯ ದುಂಡನೆಯ ಗೆರ್ ಮನೆ. ಮರದ ಚೌಕಟ್ಟು, ಅದರ ಮೇಲೆ ಮಿದಿದ ಉಣ್ಣೆಯ ದಪ್ಪ ಹೊದಿಕೆ. ಹಿಮ ಬಿದ್ದ ಮರುದಿನ ಬೆಳಿಗ್ಗೆ ಓಣಿಯ ಮಾಡುಗಳೆಲ್ಲ ಬೆಳ್ಳಗಿದ್ದರೆ ಅಜ್ಜಿಯ ಮಾಡು ಮಾತ್ರ ಬೋಳು.

"ನೋಡ್ರೇ, ನನ್ನ ಒಲೆ ಎಂಥಾದ್ದು! ಹಿಮಕ್ಕೂ ಕೂರೋಕೆ ಭಯ" ಎಂದು ನೀರು ತರಲು ಹೊರಟ ಹೆಂಗಸರಿಗೆಲ್ಲ ಹೇಳುವಳು.

ಆದರೆ ಆ ಒಲೆಯ ಹೊಟ್ಟೆ ತುಂಬಿದ್ದೇ ಇಲ್ಲ. ಮಗ ತೊಗ್ಸೊ ಬಸ್ ಓಡಿಸಿ ತಂದ ಸಂಬಳದಲ್ಲಿ ಅರ್ಧ ಕಲ್ಲಿದ್ದಲ ಚೀಲಕ್ಕೇ ಹೋಗುತ್ತಿತ್ತು. ಇಷ್ಟು ಉರಿಸಿದರೂ ಬೆಳಗಿನ ಜಾವಕ್ಕೆ ಬಾಗಿಲ ಬಳಿಯ ನೀರಿನ ಕ್ಯಾನಿನ ಮೇಲೆ ಮಂಜುಗಡ್ಡೆಯ ಕೆನೆ ಕಟ್ಟುತ್ತಿತ್ತು. ಅಲ್ಲಿ ಚಳಿಗಾಲವನ್ನು ಒಂಬತ್ತು ದಿನಗಳ ಒಂಬತ್ತು ಕಂತಾಗಿ ಎಣಿಸುತ್ತಾರೆ; ಎತ್ತಿನ ಕೊಂಬೂ ಹೆಪ್ಪುಗಟ್ಟುತ್ತದೆ ಅನ್ನುವ ಮೂರನೇ ಒಂಬತ್ತರ ಚಳಿಯಲ್ಲಿ ಒಂದು ಮುಂಜಾನೆ ಸೊಸೆ ಉರ್ನಾ ಕೂಸಿನ ಕೈ ಮುಟ್ಟಿ ನೋಡಿದಳು. ಮಂಜು ಮುಟ್ಟಿದ ಹಾಗಿತ್ತು. ಮಗುವನ್ನು ಕುರಿಚರ್ಮದಲ್ಲಿ ಸುತ್ತಿಕೊಂಡಳು.

"ಅತ್ತೆ, ಬೇಜಾರು ಮಾಡ್ಕೋಬೇಡಿ. ಕೂಸನ್ನ ಕರ್ಕೊಂಡು ಅಮ್ಮನ ಫ್ಲಾಟಿಗೆ ಹೋಗ್ತೀನಿ, ಅಲ್ಲಿ ಗೋಡೆಗೆಲ್ಲ ಬಿಸಿನೀರಿನ ಕೊಳವೆ ಇದೆ. ಹೊಸ ವರ್ಷದ ಹಬ್ಬಕ್ಕೆ ಬಂದು ಒಂದು ರಾತ್ರಿ ಇರ್ತೀವಿ. ಬೆಳಗಿನ ಜಾವಕ್ಕೂ ಮನೆ ಬೆಚ್ಚಗಿದ್ರೆ ಇಲ್ಲೇ ಉಳೀತೀವಿ. ಇಲ್ದಿದ್ರೆ ಹುಲ್ಲು ಚಿಗುರೋವರೆಗೂ ಅಲ್ಲೇ."

ಅಜ್ಜಿ ಬೇಲಿಯವರೆಗೂ ಹೋಗಿ ಇಬ್ಬರನ್ನೂ ಕಳಿಸಿಬಂದಳು. ಮೊಮ್ಮಗನಿಲ್ಲದ ಮನೆ ಭಣಭಣ. ಹಬ್ಬದ ಹೊತ್ತಿಗೆ ಮನೆಯನ್ನು ಕುಲುಮೆ ಮಾಡಿಯೇ ತೀರುತ್ತೇನೆಂದು ಹಟ ಹಿಡಿದು, ಅಂದಿನಿಂದ ಒಲೆಗೆ ಇನ್ನೂ ಎರಡು ಸಲಿಕೆ ಹೆಚ್ಚು ಸುರಿದಳು.

ಒಂದು ಮಧ್ಯಾಹ್ನ ಪಕ್ಕದ ಬೇಲಿಯ ಬುಜ್ಮಾ ಬಂದಳು. ಇಬ್ಬರೂ ಹುಡುಗಿಯರಾಗಿದ್ದಾಗ ಒಂದೇ ಕುರಿಮಂದೆಯ ಹಿಂದೆ ಓಡಿದವರು, ಮುದುಕಿಯರಾದ ಮೇಲೂ ಜಗಳ ಬಿಟ್ಟವರಲ್ಲ. ಒಳಗೆ ಕಾಲಿಟ್ಟವಳೇ ಬುಜ್ಮಾ ಕೋಟು ಬಿಚ್ಚಿ ಎಸೆದಳು.

"ಅಯ್ಯಪ್ಪಾ! ಇದೇನೇ ಇದು, ಮನೆಯೋ ಕುಲುಮೆಯೋ? ಬಾಗಿಲು ಬೇರೆ ತೆಗೆದಿಟ್ಟಿದೀಯಾ!"

"ಸೆಕೆ ಕಣೇ. ಅದಕ್ಕೇ ಒಂಚೂರು ಗಾಳಿ ಆಡ್ಲಿ ಅಂತ."

"ಭಲೇ ಜಾಣೆ! ಕಾಸು ಕೊಟ್ಟು ಬಿಸಿ ಮಾಡೋದು, ಆಮೇಲೆ ಬಾಗಿಲು ತೆಗೆದು ಓಣಿಗೆ ಹಂಚೋದು! ನಾಯಿಗಳೆಲ್ಲ ನಿನ್ನ ಬೇಲಿ ಪಕ್ಕ ಯಾಕೆ ಮಲಗ್ತವೆ ಅಂತ ಈಗ ಗೊತ್ತಾಯ್ತು."

"ನಿನ್ನ ಹಾಗೆ ಜಿಪುಣಿ ಅಲ್ಲ ನಾನು. ನಿನ್ನ ಮಾಡಿನ ಮೇಲೆ ಹಿಮ ಹಾಗೇ ಕೂತಿರುತ್ತೆ. ನಿನ್ನ ಒಲೆ ಉರೀತದೋ ಇಲ್ವೋ ಅಂತ ಜನ ಆಡ್ಕೋತಾರೆ."

ಬುಜ್ಮಾ ಚಹಾ ಬಟ್ಟಲು ಕೆಳಗಿಟ್ಟಳು. "ಏಳು, ಬಾ ನನ್ನ ಜೊತೆ" ಎಂದು ಗೆಳತಿಯ ತೋಳು ಹಿಡಿದು ಹೊರಗೆ ಎಳೆದೊಯ್ದಳು. ಬೆಳಿಗ್ಗೆ ಬಿದ್ದ ತೆಳು ಹಿಮ ಅವಳ ಮಾಡಿನ ಮೇಲೆ ಇನ್ನೂ ಹಾಗೆಯೇ ಇತ್ತು. ಒಳಗೆ ಹೋದರೆ ಒಲೆ ಸಣ್ಣಗೆ ಉರಿಯುತ್ತಿತ್ತು, ಮನೆ ಮಾತ್ರ ಹದವಾಗಿ ಬೆಚ್ಚಗಿತ್ತು. ಬಾಗಿಲ ಪಕ್ಕದ ನೀರಿಗೆ ಯಂಜ್ಮಾ ಬೆರಳು ಅದ್ದಿದಳು.

"ರಾತ್ರಿಯಿಂದ ಅಲ್ಲೇ ಇದೆ ಆ ನೀರು" ಅಂದಳು ಬುಜ್ಮಾ. "ಮಂಜುಗಡ್ಡೆ ಸಿಗುತ್ತಾ ಹುಡುಕು. ಮಾಡಿನ ಮೇಲೆ ಹಿಮ ಕೂತಿದೆ ಅಂದ್ರೆ ನನ್ನ ಬಿಸಿ ನನ್ನ ಮನೆ ಒಳಗೇ ಇದೆ ಅಂತ ಅರ್ಥ. ನಿನ್ನದು ಮಾಡು ತೂರಿ ಆಕಾಶಕ್ಕೆ ಹೋಗ್ತಿದೆ. ಕರಗಿದ ನೀರು ಕುಡಿದು ನಿನ್ನ ಹೊದಿಕೆ ಹಲಗೆ ಆಗಿದೆ. ಒದ್ದೆ ಉಣ್ಣೆ ಬೆಚ್ಚಗಿಡುತ್ತೇನೇ?"

ಯಂಜ್ಮಾ ಬಾಗಿಲಿಂದ ಇಣುಕಿ ತನ್ನ ಮಾಡಿನತ್ತ ನೋಡಿದಳು. ಅಂಚಿನಲ್ಲಿ ಉದ್ದುದ್ದ ಮಂಜಿನ ಕಡ್ಡಿಗಳು ಜೋತಾಡುತ್ತಿದ್ದವು. ಇಷ್ಟು ವರ್ಷ ಊರಿಗೆಲ್ಲ ತೋರಿಸಿ ಮೆರೆದದ್ದು ಇದನ್ನೇ. ನಾಚಿಕೆಯಿಂದ ಮುಖ ಕೆಂಪಾಯಿತು, ಆದರೆ ಸೋಲೊಪ್ಪುವ ಜಾತಿಯೇ ಅವಳದು?

"ಸರಿ, ನೆತ್ತಿಯ ಬೆಳಕಿಂಡಿಗೆ ಏನು ಮಾಡ್ತೀಯಾ? ಹೊತ್ತು ಹುಟ್ಟಿದ ಕೂಡ್ಲೇ ಅದರ ಮುಚ್ಚುಬಟ್ಟೆ ಸರಿಸ್ಲೇಬೇಕು. ಹಗಲು ಮುಚ್ಚಿಟ್ಟ ಮನೆ ಸಾವಿನ ಮನೆ. ಅಲ್ಲಿಂದ್ಲೇ ಬಿಸಿ ಹೋಗೋದು ಅಂತ ನಂಗೂ ಗೊತ್ತು. ಹಾಗಂತ ಅಪಶಕುನ ಮಾಡ್ಕೊಳ್ಳಾ?"

"ಮುಚ್ಚು ಅಂದೋರು ಯಾರೇ? ತಲೆ ಎತ್ತಿ ನೋಡು."

ಬುಜ್ಮಾಳ ಬೆಳಕಿಂಡಿಯ ಮುಚ್ಚುಬಟ್ಟೆಯೂ ಸರಿದೇ ಇತ್ತು. ಆದರೆ ಕೆಳಗೆ ಮರದ ಅಡ್ಡಪಟ್ಟಿಗಳ ನಡುವಿನ ಕಂಡಿಕಂಡಿಗೂ ಗಾಜು ಕೂತಿತ್ತು. ಹೊಗೆ ಕೊಳವೆ ಹಾಯುವ ಕಡೆ ತಗಡು. ಒಂದು ಚಿಕ್ಕ ಕಂಡಿ ಮಾತ್ರ ಗಾಳಿಗೆಂದು ತೆರೆದಿತ್ತು. ಬಿಸಿಲಿನ ಕೋಲು ಒಲೆಯ ಪಕ್ಕ ಬಿದ್ದಿತ್ತು.

"ಸೂರ್ಯನೂ ಬಂದ, ಶಾಸ್ತ್ರವೂ ಉಳೀತು, ಬಿಸಿನೂ ಉಳೀತು. ಆ ಚಿಕ್ಕ ಕಂಡೀನ ಮಾತ್ರ ಯಾವತ್ತೂ ಮುಚ್ಚಬಾರ್ದು. ಒಲೆಯ ವಿಷಗಾಳಿಗೆ ವಾಸನೆ ಇಲ್ಲ, ಮಲಗಿದವರನ್ನ ಮಲಗಿದ ಹಾಗೇ ಒಯ್ಯುತ್ತೆ. ಅದಕ್ಕೇ ಅಲ್ಲಿ ನೋಡು, ಆ ಗಾಳಿ ತುಂಬಿದ್ರೆ ಕೂಗಿ ಎಬ್ಬಿಸೋ ಡಬ್ಬಿ ನೇತುಹಾಕಿದೀನಿ."

ಯಂಜ್ಮಾ ಆ ಡಬ್ಬಿಯನ್ನು ಮುಟ್ಟಿ ನೋಡಿದಳು. ಉಳಿದದ್ದು ಒಂದೇ ಮಾತು. "ಮಾಡಿಗೆ ಇನ್ನೊಂದು ಪದರ ಹೊದಿಸಬೇಕು ಅಂದ್ರೆ ಉಣ್ಣೆ ಎಲ್ಲಿಂದ ತರ್ಲಿ?"

ಬುಜ್ಮಾ ಸೊಂಟದ ಮೇಲೆ ಕೈ ಇಟ್ಟಳು. "ಹಿತ್ತಲ ಗೂಡಲ್ಲಿ ಸುರುಳಿ ಸುತ್ತಿ ಇಟ್ಟಿದೀಯಲ್ಲ, ಅದೇನು?"

"ಅದನ್ನ ಮುಟ್ಟಬೇಡ! ಅದು ಮೊಮ್ಮಗನ ಮದುವೆಗೆ. ಗಂಡಿನ ಕಡೆಯೋರು ಹೊಸ ಗೆರ್ ಕಟ್ಟಿಕೊಡಬೇಕಲ್ಲ. ತಮ್ಮನ ಮಂದೆಯ ಉಣ್ಣೆ ತರಿಸಿ ಮಿದಿಸಿದ್ದು. ಹಾಲಿನ ಹಾಗಿದೆ."

"ಹಲ್ಲೇ ಬಂದಿಲ್ಲದ ಕೂಸಿಗೆ ಮದುವೆ ಚಿಂತೆ!" ಬುಜ್ಮಾ ನಕ್ಕಳು. ಆಮೇಲೆ ಗೆಳತಿಯ ಮುಖ ನೋಡಿ ದನಿ ತಗ್ಗಿಸಿದಳು. "ಯಂಜ್ಮಾ, ಅವನು ಮದುವೆ ಆಗೋದು ಇರ್ಲಿ. ಮೊದಲು ನಿನ್ನ ಮನೇಲಿ ಅಂಬೆಗಾಲು ಇಡಬೇಕು ತಾನೇ? ಯಾರೋ ಹುಡುಗಿಗೆ ಅಂತ ಉಣ್ಣೆ ಕಾಯ್ತಾ ಕೂತಿದೀಯಾ. ನಿನ್ನ ಹುಡುಗ ಇನ್ನೊಬ್ಬರ ಮನೇಲಿ ಬೆಳೀತಿದಾನೆ."

ಯಂಜ್ಮಾ ಕಣ್ಣೊರೆಸಿಕೊಂಡು ಮನೆಗೆ ಹೋದಳು. ಸಂಜೆ ಮಗ ಬಂದಾಗ ಆ ಬಿಳಿಯ ಸುರುಳಿ ಅಂಗಳದಲ್ಲಿ ಬಿಚ್ಚಿಕೊಂಡಿತ್ತು.

"ನೋಡ್ತಾ ನಿಂತ್ಯಾಕೋ? ಏಣಿ ತಾ" ಅಂದಳು ಅಜ್ಜಿ.

ಮಗನ ರಜೆಯ ದಿನ ಅಕ್ಕಪಕ್ಕದವರೂ ಕೈ ಹಚ್ಚಿದರು. ಹಲಗೆಯಾಗಿದ್ದ ಹಳೆ ಹೊದಿಕೆಯನ್ನು ಬಿಚ್ಚಿ, ಒಲೆಯ ಕಾವಿಗೆ ಒಣಗಿಸಿ, ಬಡಿದು ಮತ್ತೆ ಹಾಕಿದರು. ಅದರ ಮೇಲೆ ಹೊಸದು. ಬೇಸಿಗೆಯಲ್ಲಿ ಗಾಳಿಗೆಂದು ಎತ್ತಿಕಟ್ಟಿ ಮರೆತಿದ್ದ ಕೆಳ ಅಂಚನ್ನು ಇಳಿಸಿ, ನೆಲಕ್ಕೆ ಕೂತಂತೆ ಸುತ್ತಲೂ ಉಣ್ಣೆ ಪಟ್ಟಿ ಬಿಗಿದರು. ಬಾಗಿಲಿಗೆ ದಪ್ಪ ಪರದೆ, ಗಾಳಿಯ ಕಂಡಿ ಬಿಟ್ಟು ಬೆಳಕಿಂಡಿಗೆ ಗಾಜು, ಒಳಗೊಂದು ಕೂಗುವ ಡಬ್ಬಿ. ತೊಗ್ಸೊ ಹೊಗೆ ಕೊಳವೆ ಇಳಿಸಿ ಮಸಿ ಬಡಿದ. ಬುಜ್ಮಾ ಕೆಲಸಕ್ಕಿಂತ ಅಧಿಕಾರವನ್ನೇ ಹೆಚ್ಚು ಮಾಡಿದಳು.

ಹಬ್ಬ ಬಂತು. ಉರ್ನಾ ಕೂಸಿನೊಂದಿಗೆ ಬಂದು, ಅತ್ತೆಯ ಮೊಣಕೈಗಳಿಗೆ ತನ್ನ ಕೈಯಾನಿಸಿ ಹೊಸ ವರ್ಷದ ನಮಸ್ಕಾರ ಮಾಡಿದಳು. ಮಾಂಸದ ಕಡುಬು ತಿಂದರು, ಉಪ್ಪಿನ ಚಹಾ ಕುಡಿದರು. ಮಲಗುವ ಮುಂಚೆ ಅಜ್ಜಿ ಒಲೆಗೆ ಒಂದೇ ಸಲಿಕೆ ಹಾಕಿದಳು. ಸೊಸೆ ಹುಬ್ಬೇರಿಸಿದಳು.

ಬೆಳಗಾಗುತ್ತಲೇ ಉರ್ನಾ ಎದ್ದು ಮೊದಲು ನೀರಿನ ಕ್ಯಾನಿಗೆ ಕೈ ಹಾಕಿದಳು. ನೀರು ನೀರಾಗಿಯೇ ಇತ್ತು. ಕೂಸಿನ ಕಡೆ ತಿರುಗಿದಳು. ಅದು ಹೊದಿಕೆ ಒದ್ದು ಬರಿಗಾಲಲ್ಲಿ ನಿದ್ದೆ ಹೊಡೆಯುತ್ತಿತ್ತು. ಆ ಪಾದಗಳನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ಬೆಚ್ಚಗಿದ್ದವು.

"ಅತ್ತೆ, ತೊಟ್ಟಿಲು ಎಲ್ಲಿಟ್ಟಿದೀರಿ?"

ಅಜ್ಜಿ ಕೋಟನ್ನೂ ಹಾಕದೆ ಹೊರಗೋಡಿದಳು. ರಾತ್ರಿ ಹಿಮ ಬಿದ್ದಿತ್ತು. ಓಣಿಯ ಮಾಡುಗಳೆಲ್ಲ ಬೆಳ್ಳಗಿದ್ದವು, ಅವಳದೂ.

"ಲೇ ಬುಜ್ಮಾ, ಬೇಗ ಬಾರೇ!" ಎಂದು ಬೇಲಿಯಾಚೆ ಕೂಗಿದಳು. "ನನ್ನ ಮಾಡು ನೋಡು ಬಾ! ಹಿಮ ಕೂತಿದೆ ಕಣೇ!"

ತಾಯಂದಿರೇ, ಅಣ್ಣಂದಿರೇ, ಮುಂದಿನ ಸಲ ಹಿಮ ಬಿದ್ದಾಗ ನೀವೂ ಹೊರಗೆ ಬಂದು ನಿಮ್ಮ ಮಾಡನ್ನು ನೋಡಿ. ಬೋಳಾಗಿದ್ದರೆ ನಿಮ್ಮ ದುಡಿಮೆ ಆಕಾಶಕ್ಕೆ ಹೋಗುತ್ತಿದೆ. ಇನ್ನೊಂದು ಚೀಲ ಕಲ್ಲಿದ್ದಲು ತರುವ ಮೊದಲು ಬಾಗಿಲ ಸಂದು, ಕೆಳ ಅಂಚು, ನೆತ್ತಿಯ ಕಿಂಡಿ ನೋಡಿ ಭದ್ರ ಮಾಡಿ. ಕೊಳವೆಯ ಮಸಿ ತೆಗೆಯಿರಿ, ಗಾಳಿಯ ಕಂಡಿ ತೆರೆದಿಡಿ, ಕೂಗುವ ಡಬ್ಬಿ ತೂಗುಹಾಕಿ. ಮದುವೆಗೆಂದು ಎತ್ತಿಟ್ಟ ಉಣ್ಣೆ ಇದೆಯೇ? ಇಂದೇ ಬಿಚ್ಚಿ. ಬೆಚ್ಚಗೆ ಬೆಳೆದ ಮಗುವಿಗೆ ಮದುವೆ ಮಾಡುವುದೇನು ದೊಡ್ಡ ಕಷ್ಟವಲ್ಲ.