ಬ್ಯಾಟರಿ ಕಿತ್ತರೂ ಕೂಗುವ ಜೀಪು

ಸ್ಕೂಟರ್ ನಿಲ್ಲಿಸುವ ಮೊದಲೇ ಪವಿತ್ರಾಳಿಗೆ ಗೊತ್ತಾಯಿತು, ಕೂಗುತ್ತಿರುವುದು ತಾನು ನಿನ್ನೆ ಕೂರಿಸಿದ ಸೈರನ್ನೇ. ಕಾಫಿ ಒಣಗಿಸುವ ಕಣದ ಮಧ್ಯೆ ಎಸ್ಟೇಟಿನ ಸಾಹುಕಾರ ಗಂಗಾಧರಪ್ಪನವರ ಜೀಪು ಬಾನೆಟ್ ತೆರೆದುಕೊಂಡು ಊರಿಗೆಲ್ಲ ಕೇಳುವಂತೆ ಬಡಿದುಕೊಳ್ಳುತ್ತಿತ್ತು. ಮೇಲಿನ ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದ ಹೆಂಗಸರು ಆನೆ ಬಂದ ಎಚ್ಚರಿಕೆಯ ಸೈರನ್ನೆಂದು ಹೆದರಿ ಚೀಲ ಅಲ್ಲೇ ಬಿಟ್ಟು ಓಡಿಬಂದಿದ್ದರು.

ಡ್ರೈವರ್ ಚಿಕ್ಕಯ್ಯ ಬ್ಯಾಟರಿಯಿಂದ ಕಳಚಿದ ವೈರನ್ನು ಹಾವಿನ ಬಾಲ ಹಿಡಿದವನಂತೆ ಹಿಡಿದು ನಿಂತಿದ್ದ.

"ಎಂಥದ್ದು ಕೂರ್ಸಿದ್ದೀಯ ಮಾರಾಯ್ತಿ? ಬ್ಯಾಟರಿ ಕಿತ್ರೂ ಬಡ್ಕೊಳ್ತದಲ್ಲ, ದೆವ್ವನಾ ಇದು?"

"ಕಿತ್ತಿದ್ದಕ್ಕೇ ಬಡ್ಕೊಳ್ತಿರೋದು ಚಿಕ್ಕಯ್ಯಣ್ಣ. ವಾಪಸ್ ಹಾಕಿ."

ಅವನು ನಂಬಲಿಲ್ಲ. ಅವಳೇ ಅವನ ಕೈಯಿಂದ ವೈರು ಕಿತ್ತುಕೊಂಡು ಬ್ಯಾಟರಿಗೆ ಸಿಕ್ಕಿಸಿದಳು. ಸೈರನ್ ನಿಂತಿತು. ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಪಕ್ಕದ ಎಸ್ಟೇಟಿನಲ್ಲಿ ಕಳ್ಳರು ಬ್ಯಾಟರಿ ವೈರು ಕತ್ತರಿಸಿ, ಅಲಾರಂ ಬಾಯಿ ಮುಚ್ಚಿಸಿ, ಜೀಪಿನಲ್ಲಿದ್ದ ಮೆಣಸಿನ ಮೂಟೆ ಹೊತ್ತೊಯ್ದ ಮೇಲೆ ಗಂಗಾಧರಪ್ಪನವರಿಗೆ ಈ ಸೈರನ್ ಬೇಕೆನಿಸಿತ್ತು. ಇದರ ಹೊಟ್ಟೆಯಲ್ಲೇ ಪುಟ್ಟ ಬ್ಯಾಟರಿಯಿದೆ. ಗಾಡಿಯ ಕರೆಂಟು ಹೋದರೆ ಇದು ಕೂಗಲೇಬೇಕು. ಆದರೆ ಜೀಪು ನಿಲ್ಲಿಸಿದ ಕೂಡಲೇ ಬ್ಯಾಟರಿ ವೈರು ಕಳಚಿಡುವುದು ಚಿಕ್ಕಯ್ಯನಿಗೆ ಚಪ್ಪಲಿ ಬಿಡುವಷ್ಟೇ ಸಹಜ. ಬ್ಯಾಟರಿ ಇಳಿದು ಗುಡ್ಡದ ಮೇಲೆ ಸಿಕ್ಕಿಬಿದ್ದ ಹಳೆಯ ಡ್ರೈವರುಗಳೆಲ್ಲ ಹಾಗೆಯೇ ಮಾಡುತ್ತಾರೆ.

ಪವಿತ್ರಾ ಬಾಳೂರಿನಲ್ಲಿ ಗಾಡಿ ವೈರಿಂಗಿನ ಅಂಗಡಿ ತೆರೆದಾಗಿನಿಂದ ಗಾಡಿಗಳೆಲ್ಲ ಅವಳ ಬೋರ್ಡು ನೋಡಿಕೊಂಡೇ ಆಲ್ದೂರಿನ ಗ್ಯಾರೇಜಿಗೆ ಹೋಗುತ್ತಿದ್ದವು. ಹುಡುಗಿಯ ಕೈಗೆ ವೈರಿಂಗ್ ಕೊಡುವವರು ಯಾರು? ಅವಳಿಗೆ ಸಿಕ್ಕ ಮೊದಲ ಎಸ್ಟೇಟ್ ಗಾಡಿ ಇದು. ಇದು ಕೆಟ್ಟರೆ ಅಂಗಡಿಗೆ ಬೀಗ ಹಾಕುವುದೊಂದೇ ದಾರಿ.

ಗಂಗಾಧರಪ್ಪನವರು ಮೆಟ್ಟಿಲಿಳಿದು ಬಂದರು. "ಬಿಚ್ಚಮ್ಮ ಅದನ್ನ. ಅರ್ಧ ದಿನದ ಕೊಯ್ಲು ಹಾಳಾಯ್ತು."

"ಸೈರನ್ ಸರಿಯಾಗೇ ಇದೆ ಸಾವ್ಕಾರ್ರೆ. ತಪ್ಪು ನಂದು." ಪವಿತ್ರಾ ಬಾನೆಟ್ಟಿನೊಳಗಿನ ಸೈರನ್ನಿನತ್ತ ಕೈ ತೋರಿಸಿದಳು. "ಬ್ಯಾಟರಿ ತೆಗೆಯೋ ಮೊದ್ಲು ಸೈರನ್ನ ಅದರದೇ ಕೀ ಹಾಕಿ ಆಫ್ ಮಾಡ್ಬೇಕು. ಅದನ್ನೆಲ್ಲ ನಿಮಗೆ ಹೇಳಿ, ಕೀನೂ ನಿಮ್ಮ ಕೈಗೇ ಕೊಟ್ಟೆ. ಗಾಡಿ ಓಡ್ಸೋರಿಗೆ ಒಂದು ಮಾತು ಹೇಳ್ಲಿಲ್ಲ."

ಯಾವ ವಸ್ತುವಾದರೂ ಮೊದಲು ಸಾಹುಕಾರರ ಕೈ ಸೇರುವುದು ಅಲ್ಲಿಯ ವಾಡಿಕೆ. ಅವಳೂ ಮರ್ಯಾದೆಗೆಂದು ಹಾಗೆ ಮಾಡಿದ್ದಳು.

"ನಂಗೆ ಯಾಕೆ ಹೇಳ್ತೀರಿ?" ಚಿಕ್ಕಯ್ಯ ನೆಲ ನೋಡುತ್ತ ಗೊಣಗಿದ. "ನಾನೇ ಕದೀತೀನಿ ಅಂತಲ್ವ ಇದನ್ನ ಹಾಕ್ಸಿದ್ದು."

ಸುಮ್ಮನೆ ಬಿಚ್ಚಿಕೊಂಡು ಹೋಗಿಬಿಡಲೇ ಎಂದು ಪವಿತ್ರಾಳಿಗೆ ಒಮ್ಮೆ ಅನ್ನಿಸಿತು.

"ಕೀ ಚಿಕ್ಕಯ್ಯಣ್ಣನ ಹತ್ರ ಇರ್ಬೇಕು ಸಾವ್ಕಾರ್ರೆ," ಎಂದಳು. "ಇಲ್ದಿದ್ರೆ ನಾನು ಬಿಚ್ಚೋದೇ ಸರಿ."

ಗಂಗಾಧರಪ್ಪನವರ ಮುಖ ಬಿಗಿಯಿತು. ಅವಳನ್ನೊಮ್ಮೆ, ಚಿಕ್ಕಯ್ಯನನ್ನೊಮ್ಮೆ ನೋಡಿ, ಒಳಗೆ ಹೋದರು. ಹೊರಬಂದಾಗ ಕೈಯಲ್ಲಿ ಕೀ ಇತ್ತು. "ನಿನ್ ಮೇಲೆ ಅನುಮಾನ ಇದ್ದಿದ್ರೆ ಮಗಳನ್ನ ಸ್ಕೂಲಿಗೆ ಕಳಿಸ್ತಿದ್ನೇನೋ ನಿನ್ ಜೀಪಲ್ಲಿ?" ಎಂದು ಅದನ್ನು ಚಿಕ್ಕಯ್ಯನ ಅಂಗೈಗೆ ಹಾಕಿದರು. ಚಿಕ್ಕಯ್ಯ ಹೆಗಲ ಮೇಲಿನ ಟವೆಲಿನಿಂದ ಮೂಗು ಒರೆಸಿಕೊಂಡ.

ಮರುದಿನ ಅದೇ ಎಸ್ಟೇಟಿನ ಪಿಕಪ್ ಪವಿತ್ರಾಳ ಅಂಗಡಿಯ ಮುಂದೆ ನಿಂತಿತ್ತು. ಅವಳು ಅದರಡಿ ಮಲಗಿ ವೈರು ಎಳೆಯುತ್ತಿದ್ದಳು. ಹೊರಗೆ ಸ್ಟೂಲಿನ ಮೇಲೆ ಕೂತಿದ್ದ ಚಿಕ್ಕಯ್ಯನ ಕಾಲಷ್ಟೇ ಕಾಣುತ್ತಿತ್ತು. ಕಳಸದ ಕಡೆಯಿಂದ ಬಂದ ಜೀಪೊಂದು ನಿಧಾನವಾಯಿತು, ಅದರ ಡ್ರೈವರ್ ಕೂಗಿ ಕೇಳಿದ.

"ಚಿಕ್ಕಯ್ಯ, ಯಾರೋ ಇಲ್ಲಿ ಎಲೆಕ್ಟ್ರಿಷಿಯನ್ನು?"

"ಗಾಡಿ ಕೆಳಗೆ ಇದ್ದಾರೆ. ಅರ್ಜೆಂಟಿದ್ರೆ ಆಲ್ದೂರಿಗೆ ಹೋಗು. ಕೆಲಸ ಚೆನ್ನಾಗಿ ಆಗ್ಬೇಕು ಅಂದ್ರೆ ಇಲ್ಲೇ ಈ ಪಿಕಪ್ ಹಿಂದೆ ಹಾಕು."

ಪವಿತ್ರಾ ಸ್ಪ್ಯಾನರ್ ಹಿಡಿದ ಕೈಯನ್ನು ಅಲುಗಿಸದೆ ಮಲಗಿದ್ದಳು. ಸ್ವಲ್ಪ ಹೊತ್ತಿಗೆ ಜೀಪಿನ ಗಾಲಿಗಳು ಜಲ್ಲಿಯ ಮೇಲೆ ಹಿಂದಕ್ಕೆ ಉರುಳಿ, ಪಿಕಪ್ಪಿನ ಬೆನ್ನಿಗೆ ಬಂದು ನಿಂತವು.